ಇಂದ್ರಾಣಿಯ ಎಡಗಾಲು

ನಮ್ಮ ಊರಿನಲ್ಲಿ ಹೊತ್ತು ಹುಟ್ಟಿದ ಮೇಲೆ ಯಾರೂ ಕೂರುವುದಿಲ್ಲ. ಬೆಳಿಗ್ಗೆ ನೀರಿನ ಟ್ಯಾಂಕಿನ ಮೇಲಿನ ಸೈರನ್ ಕೂಗಿದ ಕೂಡಲೇ ಮನೆಮನೆಯಲ್ಲೂ ಕುರ್ಚಿ, ಸ್ಟೂಲು, ಮಣೆಗಳನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಚಾಪೆ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಸಂಜೆ ಮತ್ತೆ ಸೈರನ್ ಕೂಗಿದಾಗ ಅವೆಲ್ಲ ಕೆಳಗಿಳಿಯುತ್ತವೆ. ನಡುವಿನ ಹೊತ್ತನ್ನು ನಿಂತೇ ಕಳೆಯಬೇಕು. ಶಾಲೆಯ ಮಕ್ಕಳು ಎದೆಯೆತ್ತರದ ಡೆಸ್ಕಿನ ಮುಂದೆ ನಿಂತು ಬರೆಯುತ್ತಾರೆ. ತೀರಾ ಸುಸ್ತಾದವರಿಗೆಂದು ಬೀದಿಬೀದಿಯಲ್ಲೂ ಒರಗು ಹಲಗೆಗಳಿವೆ. ಗೋಡೆಗೆ ವಾಲಿಸಿಟ್ಟ ಆ ಹಲಗೆಗೆ ಬೆನ್ನು ಕೊಟ್ಟು ನಿಂತರೆ ತಪ್ಪಿಲ್ಲ. ಜ್ವರ ಬಂದವರನ್ನು ಅದಕ್ಕೇ ಪಂಚೆಯಿಂದ ಕಟ್ಟುತ್ತಾರೆ. ಹಗಲಿನಲ್ಲಿ ಕೂತವರು ಅವತ್ತೇ ಸಂಜೆಯ ಬಸ್ಸಿಗೆ ಊರು ಬಿಡಬೇಕು. ಯಾರೂ ಬೈಯುವುದಿಲ್ಲ, ಕುತ್ತಿಗೆ ಹಿಡಿದು ತಳ್ಳುವುದೂ ಇಲ್ಲ. ಬಟ್ಟೆಗಂಟು ಕಟ್ಟಲು ಅಕ್ಕಪಕ್ಕದವರೇ ನೆರವಾಗುತ್ತಾರೆ.

ನಾನು ಮಾರುಕಟ್ಟೆ ಬೀದಿಯಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದೆ. ಹೆಸರು ಮುನಿರಾಜ. ಗಿರಾಕಿಯೂ ನಿಂತಿರುತ್ತಿದ್ದ, ನಾನೂ ನಿಂತಿರುತ್ತಿದ್ದೆ. ಎತ್ತರದವರು ಬಂದರೆ ಒಂದು ಮರದ ಪೆಟ್ಟಿಗೆ ಹತ್ತಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಇಂದ್ರಾಣಿ ಎದುರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಕಾವಲಿಯ ಮುಂದೆ ನಿಂತರೆ ಮಧ್ಯಾಹ್ನ ಮೂರಕ್ಕೆ ಬಿಡುವು. ನಮಗೆ ಮಕ್ಕಳಿಲ್ಲ. ನನ್ನ ತಂಗಿ ಸುಗುಣ ಎರಡು ಬೀದಿ ಆಚೆ ಒಬ್ಬಳೇ ಇದ್ದಳು, ಶಾಲೆಯಲ್ಲಿ ಮೇಷ್ಟರಮ್ಮ. ನಮ್ಮ ಸಂಸಾರ ಅಂದರೆ ಇಷ್ಟೇ.

ಊರಿನಲ್ಲಿ ಮೂವತ್ತು ದಾಟಿದ ಯಾರ ಕಾಲನ್ನು ನೋಡಿದರೂ ನರಗಳು ಉಬ್ಬಿ, ಹಗ್ಗದ ಹಾಗೆ ತಿರುಚಿಕೊಂಡಿರುತ್ತವೆ. ಅದಕ್ಕೆ ನಾವು ಹುರಿ ಬೀಳುವುದು ಅನ್ನುತ್ತೇವೆ. ಮದುವೆಗೆ ಹೆಣ್ಣು ನೋಡಲು ಹೋದವರು ಅವಳ ಅಮ್ಮನ ಕಾಲಿನ ಮೇಲೂ ಒಂದು ಕಣ್ಣಿಡುತ್ತಾರೆ. ಇಂದ್ರಾಣಿಗೆ ಹುರಿ ಬಿದ್ದದ್ದು ಎಡಗಾಲಿಗೆ. ಮೊದಮೊದಲು ಸಂಜೆಯಾದರೆ ಪಾದ ಊದುತ್ತಿತ್ತು. ಆಮೇಲೆ ಕಾಲೊಳಗೆ ಮರಳು ತುಂಬಿದಷ್ಟು ಭಾರ ಅನ್ನತೊಡಗಿದಳು. ಎರಡು ವರ್ಷದಲ್ಲಿ ಹರಡಿನ, ಅಂದರೆ ಪಾದದ ಕೀಲಿನ, ಮೇಲಿನ ಚರ್ಮ ಕಂದುಬಣ್ಣಕ್ಕೆ ತಿರುಗಿ ಸದಾ ನವೆಯಾಗುತ್ತಿತ್ತು. ತಿಂಗಳಿಗೊಮ್ಮೆ ಲಸಿಕೆ ಹಾಕಲು ಬರುತ್ತಿದ್ದ ಹೊರಗಿನ ನರ್ಸಮ್ಮ ಅವಳ ಕಾಲು ನೋಡಿ, "ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ. ಬಿಗಿಯಾದ ಕಾಲುಚೀಲ ಕೊಡ್ತಾರೆ. ಹಗಲಲ್ಲಿ ಆಗಾಗ ಕಾಲು ಮೇಲಿಟ್ಟುಕೊಂಡು ಮಲಗಿ," ಅಂದಿದ್ದರು. ಹಗಲಲ್ಲಿ ಮಲಗಿ ಅಂದ ಮಾತಿಗೆ ಹೋಟೆಲಿನಲ್ಲಿ ನಿಂತಿದ್ದವರೆಲ್ಲ ನಕ್ಕಿದ್ದರು. ನಾನೂ ನಕ್ಕಿದ್ದೆ. ಮಿಕ್ಕ ಮಾತು ಆ ನಗುವಿನಲ್ಲೇ ಹೋಯಿತು.

ಊರಿನವರೆಲ್ಲ ಹೋಗುತ್ತಿದ್ದದ್ದು ದೇವೀರಜ್ಜಿಯ ಹತ್ತಿರ. ಎಪ್ಪತ್ತು ದಾಟಿದ ಮುದುಕಿ. ಕೈ ಉಳುಕಿದರೆ ನೀವಿ ಸರಿಮಾಡುತ್ತಿದ್ದಳು, ಎಳೆಮಕ್ಕಳ ಹೊಟ್ಟೆನೋವಿಗೆ ಓಮದ ನೀರು ಕುಡಿಸುತ್ತಿದ್ದಳು. ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಅವಳನ್ನು ಮೋಸಗಾರ್ತಿ ಅಂತ ನಾನು ಅವತ್ತೂ ಅಂದುಕೊಳ್ಳಲಿಲ್ಲ, ಇವತ್ತೂ ಅನ್ನುವುದಿಲ್ಲ. ಇಂದ್ರಾಣಿಯನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನೇ.

ಅಜ್ಜಿ ಮೊದಲು ಎಣ್ಣೆ ಹಚ್ಚಿ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದಳು. ಗಂಟು ಒಡೆಯಬೇಕು ಅನ್ನುವುದು ಅವಳ ಲೆಕ್ಕ. ಒಂದು ತಿಂಗಳು ಹಾಗೆ ನಡೆಯಿತು. ಗುಣ ಕಾಣಲಿಲ್ಲ. ಆಗ ಚಿತ್ರಮೂಲದ ಬೇರನ್ನು ಸುಣ್ಣದ ಜೊತೆ ಅರೆದು ಹರಡಿನ ಮೇಲೆ ಕಟ್ಟಿದಳು. ನನ್ನ ಕೈ ಹಗುರ ಅಂತ ಆಮೇಲಿನ ಕಟ್ಟುಗಳನ್ನು ನನಗೇ ಬಿಟ್ಟಳು. ಪ್ರತಿ ಸಂಜೆ ಸೈರನ್ ಆದ ಮೇಲೆ ನಾನು ಹಳೆಯ ಕಟ್ಟು ಬಿಚ್ಚಿ ಹೊಸದು ಹಾಕುತ್ತಿದ್ದೆ. ಹಾಕಿದ ಸ್ವಲ್ಪ ಹೊತ್ತಿಗೆ ಇಂದ್ರಾಣಿ ಸೆರಗಿನ ತುದಿಯನ್ನು ಕಚ್ಚಿಕೊಳ್ಳುತ್ತಿದ್ದಳು. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು.

"ಉರೀತಿದೆಯೇನೇ?" ಅಂತ ಕೇಳಿದರೆ, "ಉರಿದ್ರೇನೇ ಅಂತೆ ಹಿಡಿಯೋದು," ಅನ್ನುತ್ತಿದ್ದಳು. ಅದು ಅಜ್ಜಿಯ ಮಾತು.

ನನಗೆ ಮೊದಲ ಸಲ ಹೆದರಿಕೆ ಹತ್ತಿದ್ದು ಬೋರಲಿಂಗ ಸತ್ತ ದಿನ. ಅವನು ನನ್ನ ಪಕ್ಕದ ಅಂಗಡಿಯ ದರ್ಜಿ. ನಿಂತು ತುಳಿಯುವ ಹೊಲಿಗೆ ಯಂತ್ರ ಅವನದು. ಒಂದು ವಾರದಿಂದ ಅವನ ಬಲಗಾಲಿನ ಮೀನಖಂಡ ಮಾತ್ರ ಊದಿ, ಕೆಂಪಗಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಹಿಂದಿನ ಸಂಜೆ ದೇವೀರಜ್ಜಿ ಅದನ್ನು ಅರ್ಧ ಗಂಟೆ ತಿಕ್ಕಿದ್ದಳು. ಮರುದಿನ ಬೆಳಿಗ್ಗೆ ನನ್ನ ಹತ್ತಿರ ಗಡ್ಡ ಕೆರೆಸಿಕೊಂಡು ಹೋದವನು ಹತ್ತು ಗಂಟೆಯ ಹೊತ್ತಿಗೆ ಯಂತ್ರದ ಚಕ್ರ ಹಿಡಿದು ನಿಂತುಬಿಟ್ಟ. "ಮುನಿರಾಜಣ್ಣ, ಉಸಿರು ಬರ್ತಿಲ್ಲ," ಅಂದ. ಅಷ್ಟೇ ಅಂದದ್ದು. ನಾನು ಓಡಿ ಹೋಗಿ ಅಪ್ಪಿಕೊಂಡೆ. ಅವನ ತುಟಿ ನೀಲಿಯಾಯಿತು. ನನ್ನ ತೋಳಿನಲ್ಲೇ ಭಾರವಾದ.

ಹೊತ್ತು ಮುಳುಗುವವರೆಗೆ ಹೆಣವನ್ನೂ ಮಲಗಿಸುವ ಹಾಗಿಲ್ಲ. ಅವನನ್ನು ಒರಗು ಹಲಗೆಗೆ ಕಟ್ಟಿ ನಿಲ್ಲಿಸಿದೆವು. ಮಧ್ಯಾಹ್ನ ಮುಖಕ್ಕೆ ಬಿಸಿಲು ಬಿತ್ತು ಅಂತ ಯಾರೋ ಟವೆಲು ಹೊದಿಸಿದರು. ನಾನು ಆ ದಿನವೆಲ್ಲ ಅವನ ಪಕ್ಕದಲ್ಲೇ ಹಜಾಮತಿ ಮಾಡಿದೆ. ಗಿರಾಕಿಗಳು ಬರುವುದು ನಿಲ್ಲಲಿಲ್ಲ. ಕತ್ತಿ ಒರೆಸಲು ತಿರುಗಿದಾಗೆಲ್ಲ ಅವನ ಬಲಗಾಲು ಕಾಣುತ್ತಿತ್ತು. ಎಣ್ಣೆ ಇನ್ನೂ ಆರಿರಲಿಲ್ಲ. ಜನ ಎದೆ ಒಡೆಯಿತು ಅಂದರು. ದೇವೀರಜ್ಜಿಯೂ ಬಂದು ಅತ್ತಳು. ಎದೆಗೂ ಕಾಲಿಗೂ ಏನು ಸಂಬಂಧ ಅಂತ ನನಗೆ ಗೊತ್ತಿರಲಿಲ್ಲ. ಏನೋ ಸಂಬಂಧ ಇದೆ ಅನ್ನುವ ಭಯ ಮಾತ್ರ ಬಿಡಲಿಲ್ಲ.

ಅವತ್ತು ಸಂಜೆ ಇಂದ್ರಾಣಿಯ ಕಟ್ಟು ಬಿಚ್ಚಿದಾಗ ಬಟ್ಟೆಯ ಜೊತೆ ಚರ್ಮವೂ ಎದ್ದು ಬಂತು. ಹರಡಿನ ಒಳಬದಿಯಲ್ಲಿ ದೊಡ್ಡ ಗುಳ್ಳೆ ಒಡೆದು, ಅದರ ನಡುವೆ ಬೊಟ್ಟಿನಷ್ಟಗಲ ಕಪ್ಪು ಹಕ್ಕಳೆ ಕಟ್ಟಿತ್ತು. ಅದು ನೇರವಾಗಿ ಉಬ್ಬಿದ ನರದ ಮೇಲೇ ಇತ್ತು.

"ಇದು ಬ್ಯಾಡ ಕಣೇ. ನಿಲ್ಲಿಸೋಣ," ಅಂದೆ.

"ಇನ್ನು ಮೂರು ಕಟ್ಟು ಅಷ್ಟೇ ಅಲ್ವೇನ್ರೀ. ಇಷ್ಟು ಉರಿ ತಡ್ಕೊಂಡು ಈಗ ಬಿಟ್ರೆ ಎಲ್ಲಾ ದಂಡ."

ನಾನು ಅಜ್ಜಿಯ ಮನೆಗೆ ಹೋದೆ. ಅವಳು ಹೊಸಿಲ ಮೇಲೆ ಕೂತು ಎಲೆ ಮಡಚುತ್ತಿದ್ದಳು. ಹಕ್ಕಳೆಯ ವಿಷಯ ಹೇಳಿದೆ. "ಕೆಟ್ಟ ರಕ್ತ ಬಾಯಿ ಹುಡುಕ್ತಾ ಐತೆ ಕಣ್ ಮಗ. ಒಳ್ಳೇದೇ ಆಯ್ತು," ಅಂದಳು. ಬೋರಲಿಂಗನ ಕಾಲಿನ ಬಗ್ಗೆ ಕೇಳಬೇಕು ಅಂತ ಹೋದವನು ಅವಳ ಊದಿಕೊಂಡ ಕಣ್ಣು ನೋಡಿ ಕೇಳದೆ ಬಂದೆ. ಬಂದು ಇನ್ನೊಂದು ಕಟ್ಟು ಹಾಕಿದೆ. ಹೆಂಡತಿಯ ಕಾಲಿನ ಮೇಲೆ ನನ್ನ ಕೈಯಾರೆ.

ಮೂರನೆಯ ದಿನ, ಮಧ್ಯಾಹ್ನ ಹನ್ನೆರಡೂವರೆ ಆಗಿರಬೇಕು. ಒಬ್ಬರ ಕಿವಿಯ ಹಿಂದೆ ಕತ್ತಿ ಇಟ್ಟಿದ್ದೆ. ಹೋಟೆಲಿನ ಕಡೆಯಿಂದ ಯಾರೋ, "ಇಂದ್ರಕ್ಕ, ಕಾಲ ಹತ್ರ ಏನೋ ಚೆಲ್ಲಿದೆ ನೋಡಿ," ಅಂದದ್ದು ಕೇಳಿಸಿತು. ಚಟ್ನಿಯೋ ಸಾಂಬಾರೋ ಅಂದುಕೊಂಡೆ. ಆಮೇಲೆ ಅಲ್ಲಿ ಮಾತು ನಿಂತಿತು. ಹೋಟೆಲಿನಲ್ಲಿ ಮಾತು ನಿಲ್ಲುವುದೆಂದರೆ ಆಗದ ಸಂಗತಿ. ಕತ್ತಿ ಕೆಳಗಿಟ್ಟು ಓಡಿದೆ.

ಇಂದ್ರಾಣಿ ಸೌಟು ಹಿಡಿದೇ ನಿಂತಿದ್ದಳು. ಅವಳಿಗೆ ನೋವೇ ಆಗಿರಲಿಲ್ಲ. ಕಟ್ಟು ಸಡಿಲವಾಗಿ ಜಾರಿ, ಹಕ್ಕಳೆ ಕಿತ್ತು ಹೋಗಿ, ಹರಡಿನಿಂದ ರಕ್ತ ಪಿಚಕಾರಿಯ ಹಾಗೆ ಚಿಮ್ಮುತ್ತಿತ್ತು. ಒಲೆಯ ಬದಿಯ ಗೋಡೆಗೆ ತಾಗಿ ಇಳಿಯುತ್ತಿತ್ತು. ನಾನು ಮಂಡಿ ಬಗ್ಗಿಸದೆ ಬಾಗಿ ಹೆಬ್ಬೆರಳಿನಿಂದ ಅದುಮಿದೆ. ಗಲ್ಲ ಕೊಯ್ದುಕೊಂಡವರಿಗೆ ಹಾಗೆ ಅದುಮಿ ಹಿಡಿದರೆ ಒಂದು ನಿಮಿಷಕ್ಕೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಬೆರಳಿನ ಎರಡೂ ಬದಿಯಿಂದ ಬಿಸಿಬಿಸಿಯಾಗಿ ನುಗ್ಗಿತು. ಹೋಟೆಲಿನ ಯಜಮಾನರು ಟವೆಲು ತಂದು ಮಂಡಿಯ ಕೆಳಗೆ ಬಿಗಿದು ಕಟ್ಟಿದರು. ಕಟ್ಟಿದ ಮೇಲೆ ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ದೇವೀರಜ್ಜಿಯನ್ನು ಯಾರೋ ಕರೆತಂದಿದ್ದರು. ಜನ ದಾರಿ ಬಿಟ್ಟರು. ಅವಳು ರಕ್ತ ನೋಡಿ ನನ್ನ ಭುಜದ ಮೇಲೆ ಕೈಯಿಟ್ಟಳು. "ತಡೀಬ್ಯಾಡ ಮಗ. ಕೆಟ್ಟದ್ದು ಹೋಯ್ತಾ ಐತೆ. ತಾನಾಗೇ ನಿಲ್ತದೆ, ಬಿಡು."

ಸುತ್ತ ನಿಂತವರು ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಅವರಿಗೆ ಸಮಾಧಾನವಾಗಿತ್ತು. ಒಬ್ಬರು, "ನೋಡಿ, ಎಷ್ಟು ಕಪ್ಪಗೈತೆ," ಅಂದರು. ನಾನು ನಿಜವಾಗಿ ಹೆದರಿದ್ದು ಆಗ. ಚೊಂಬಿನಷ್ಟು ರಕ್ತ ನೆಲದ ಮೇಲಿದೆ, ಇಪ್ಪತ್ತು ಮೂವತ್ತು ಜನ ಅದನ್ನು ನೋಡುತ್ತಿದ್ದಾರೆ, ಒಬ್ಬರ ಮುಖದಲ್ಲೂ ಗಾಬರಿ ಇಲ್ಲ. ಇಂದ್ರಾಣಿಯ ತುಟಿ ಬೆಳ್ಳಗಾಗಿತ್ತು. ಸೌಟು ಕೈಯಿಂದ ಬಿತ್ತು. "ಹಲಗೆ ತನ್ನಿ, ಕಟ್ಟಿ ನಿಲ್ಲಿಸೋಣ," ಅಂದರು ಯಾರೋ. ಟವೆಲು ಹೊದ್ದ ಮುಖವೊಂದು ನನ್ನ ಕಣ್ಣ ಮುಂದೆ ಬಂತು.

ಅವಳ ಮೊಣಕಾಲು ಮಡಚಿತು. ನಾನು ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡೆ. ಹಾಗೆ ಹಿಡಿದಾಗ ಅವಳ ಎಡಗಾಲು ನೆಲ ಬಿಟ್ಟು ನನ್ನ ತೊಡೆಯವರೆಗೆ ಎದ್ದಿತು. ರಕ್ತದ ಚಿಮ್ಮುವಿಕೆ ಕುಗ್ಗಿ ಬರೀ ತೊಟ್ಟಿಕ್ಕತೊಡಗಿತು. ಕಾಲು ಜಾರಿ ಕೆಳಗೆ ಹೋದ ಕೂಡಲೇ ಮತ್ತೆ ಚಿಮ್ಮಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಕಾಲು ಮೇಲಿರಬೇಕು, ಅಷ್ಟೇ ನನಗೆ ಅರ್ಥವಾದದ್ದು.

ಅವಳಿಗೂ ನನ್ನ ಯೋಚನೆ ತಿಳಿಯಿತು. "ರೀ, ಮಲಗಿಸ್ಬೇಡಿ," ಅಂದಳು. ದನಿ ಬಹಳ ಸಣ್ಣದಾಗಿತ್ತು. "ಈ ಊರು ಬಿಟ್ರೆ ನಂಗೆಲ್ಲೂ ಗೊತ್ತಿಲ್ಲ. ನಿಂತೇ ಹೋಗ್ತೀನಿ ಬಿಡಿ."

ನಾನು ಅವಳನ್ನು ಹೋಟೆಲಿನ ನೆಲದ ಮೇಲೆ ಮಲಗಿಸಿದೆ. ನಾನೂ ಅಲ್ಲೇ ಕೂತು, ಅವಳ ಹಿಮ್ಮಡಿಯನ್ನು ನನ್ನ ಭುಜದ ಮೇಲೆ ಏರಿಸಿ, ಮಂಡಿಯ ಕೆಳಗಿನ ಟವೆಲು ಬಿಚ್ಚಿ, ಅದನ್ನೇ ಮಡಚಿ ಗಾಯಕ್ಕೆ ಎರಡೂ ಕೈಯಿಂದ ಅದುಮಿದೆ. ಜನ ಹಿಂದೆ ಸರಿದರು. ಸೀರೆ, ಪಂಚೆಗಳು ಸರಿದ ಸದ್ದು ಕೇಳಿಸಿತು. ಕೆಳಗಿನಿಂದ ನೋಡಿದಾಗ ಎಲ್ಲರೂ ಬಹಳ ಎತ್ತರವಾಗಿ, ದೂರವಾಗಿ ಕಂಡರು. ರಕ್ತ ನಿಂತಿತ್ತು.

ಕೈ ತೆಗೆದರೆ ಮತ್ತೆ ಶುರುವಾಗುತ್ತದೆ ಅನ್ನುವ ಭಯಕ್ಕೆ ಸಂಜೆಯವರೆಗೂ ನಾನು ಅಲುಗಲಿಲ್ಲ. ಅವಳು ನಡುನಡುವೆ ಕಣ್ಣು ಮುಚ್ಚಿದಾಗೆಲ್ಲ ಹೆಸರು ಹಿಡಿದು ಕೂಗುತ್ತಿದ್ದೆ. ಯಜಮಾನರು ಒಲೆ ಆರಿಸಿದರು. ಮೂರು ಗಂಟೆಗೆ ಸುಗುಣ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. ಮನೆಗೆ ಹೋಗಿ ನಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಬಂದಳು. ಸೈರನ್ ಆದ ಮೇಲೆ ಹತ್ತಿರ ಬಂದು ಅತ್ತಿಗೆಯ ತಲೆ ನೇವರಿಸಿ, "ಅಣ್ಣ, ಹೋಗಿ ಸೇರಿದ ಮೇಲೆ ಬಸ್ಸಿನವರ ಹತ್ರ ಹೇಳಿಕಳಿಸು," ಅಂದಳು. ಬಸ್ಸಿನ ಉದ್ದನೆಯ ಸೀಟಿನ ಮೇಲೆ ಇಂದ್ರಾಣಿಯನ್ನು ಮಲಗಿಸಿ ಊರು ಬಿಟ್ಟೆವು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನನಗಿಂತ ಚಿಕ್ಕವರು. ಇಂದ್ರಾಣಿಗೆ ಎರಡು ಬಾಟಲಿ ರಕ್ತ ಹಾಕಿಸಿದರು. ಸುಟ್ಟ ಚರ್ಮವನ್ನು ತೊಳೆದು, ಕಾಲ್ಬೆರಳಿನಿಂದ ಮಂಡಿಯವರೆಗೆ ಬಿಗಿಯಾದ ಒತ್ತುಪಟ್ಟಿ ಸುತ್ತಿಸಿದರು. ಗಾಯ ಮಾಗಲು ಎರಡು ತಿಂಗಳು ಬೇಕು, ಆಮೇಲೆ ಕೆಟ್ಟ ನರವನ್ನು ಒಳಗಿಂದಲೇ ಮುಚ್ಚುತ್ತೇವೆ ಅಂದರು. "ಕಾಲಿನಿಂದ ರಕ್ತ ಮೇಲಕ್ಕೆ ಹೋಗಲಾರದೆ ನಿಂತಿರೋದಕ್ಕೆ ನರ ಉಬ್ಬೋದು. ಅದರಲ್ಲಿ ಕೆಟ್ಟ ರಕ್ತ ಅನ್ನೋದು ಇಲ್ಲ. ಔಷಧಿ ಅಂತ ಚರ್ಮ ಸುಟ್ಟಿದ್ದೀರಿ, ಅದರ ಕೆಳಗೇ ನರ ಇತ್ತು. ಇನ್ನೊಂದಿಷ್ಟು ಹೊತ್ತು ನಿಲ್ಲಿಸಿದ್ರೆ ಇವರು ಉಳೀತಿರ್ಲಿಲ್ಲ." ನಾನು ಬೋರಲಿಂಗನ ಕಥೆ ಹೇಳಿದೆ. ಅವರು ಬರೆಯುವುದು ನಿಲ್ಲಿಸಿ ಕೇಳಿದರು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಕೂರಬಹುದು ಅಂದರು. "ಅವರನ್ನ ನಾನು ನೋಡಿಲ್ಲ, ಖಂಡಿತ ಹೇಳಲಾರೆ. ಆದರೆ ಹಾಗೇ ಇರಬೇಕು."

ಹನ್ನೊಂದನೆಯ ದಿನ ಬೆಳಿಗ್ಗೆಯ ಬಸ್ಸಿನಲ್ಲಿ ದೇವೀರಜ್ಜಿ ಬಂದಳು. ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತೇ ಬಂದಿದ್ದಳು. ವಾರ್ಡಿನ ಬಾಗಿಲಲ್ಲಿದ್ದ ನನ್ನನ್ನು ದಾಟಿ ಒಳಗೆ ನಡೆದಳು. ಇಂದ್ರಾಣಿಯ ಮಂಚದ ಹತ್ತಿರ ಹೋಗಿ, "ಕಾಲು ತೋರ್ಸವ್ವ," ಅಂದಳು. ಆ ಹೊತ್ತಿಗೆ ನರ್ಸು ಪಟ್ಟಿ ಬದಲಾಯಿಸುತ್ತಿದ್ದಳು. ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಏಳುತ್ತಿತ್ತು. ಅಜ್ಜಿ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ತನ್ನ ಸೀರೆಯನ್ನು ಒಂದು ಗೇಣು ಮೇಲಕ್ಕೆತ್ತಿದಳು.

ಎರಡೂ ಕಾಲಿಗೆ ಮಂಡಿಯವರೆಗೆ ಕಟ್ಟಿತ್ತು. ಬಟ್ಟೆ ಹಳದಿಯಾಗಿ ಒದ್ದೆಯಾಗಿತ್ತು. "ಏಳು ವರ್ಸ ಆಯ್ತು," ಅಂದಳು. "ನನ್ನ ಮದ್ದು ನನಗೇ ಹಿಡೀಲಿಲ್ಲ ಅಂತ ಯಾರ ತಾವ ಹೇಳ್ಲಿ? ನನ್ನ ದೇಹ ಸರಿ ಇಲ್ಲ, ಬ್ಯಾರೆಯೋರ್ಗೆ ಹಿಡೀತದೆ ಅನ್ಕಂಡೆ. ಇಲ್ಲಿ ಕಾಲು ಕತ್ತರಿಸ್ತಾರಾ ಮುನಿರಾಜ?"

ಡಾಕ್ಟರಮ್ಮನನ್ನು ಕರೆದೆ. ಅವರು ಮಂಚ ತೋರಿಸಿ ಮಲಗಲು ಹೇಳಿದರು. ಅಜ್ಜಿ ಕಿಟಕಿ ನೋಡಿದಳು. ಹೊರಗೆ ಹನ್ನೊಂದು ಗಂಟೆಯ ಬಿಸಿಲು.

"ಮಲಗಿದ್ರೆ ನಾನು ಊರಿಗೆ ಹೋಗಂಗಿಲ್ಲ ಕಣವ್ವ."

"ಇಲ್ಲಿ ಯಾರು ನೋಡ್ತಾರೆ ಅಜ್ಜಿ?" ಅಂದರು ಡಾಕ್ಟರಮ್ಮ.

"ನಾನು ನೋಡ್ತೀನಲ್ಲ," ಅಂದಳು ಅಜ್ಜಿ. ಬಹಳ ಹೊತ್ತು ಮಂಚದ ಕಂಬಿ ಹಿಡಿದು ನಿಂತಳು. ಇಂದ್ರಾಣಿ ಮಲಗಿದಲ್ಲಿಂದಲೇ ಕೈಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಕೊನೆಗೆ ಅಜ್ಜಿ ಕೂತಳು, ಆಮೇಲೆ ಮೆಲ್ಲಗೆ ಒರಗಿದಳು.

ನರ್ಸು ಬಟ್ಟೆ ನೆನೆಸಿ ಬಿಡಿಸುತ್ತಿದ್ದಾಗ ಅಜ್ಜಿ ಸೂರು ನೋಡುತ್ತ, "ಮುನಿರಾಜ, ಬರ್ಕೋ," ಅಂದಳು. "ನಾನು ಮದ್ದು ಕಟ್ಟಿರೋ ಕಾಲು ಇನ್ನೂ ಅವೆ. ಹೋಟ್ಲಲ್ಲಿ ರಕ್ತ ಕಂಡ ಮ್ಯಾಲೂ ಮೂರು ಜನಕ್ಕೆ ಕಟ್ಟಿದೀನಿ. ಬ್ಯಾಡ ಅನ್ನಾಕೆ ನಂಗೆ ಬಾಯಿ ಬರ್ನಿಲ್ಲ." ನರ್ಸಿನಿಂದ ಪೆನ್ನು ತೆಗೆದುಕೊಂಡು ಔಷಧಿ ಚೀಟಿಯ ಹಿಂದೆ ಬರೆಯತೊಡಗಿದೆ. ಸೊಪ್ಪಿನ ಅಂಗಡಿಯ ಕೆಂಪಾಜಮ್ಮ. ಅಂಚೆಯ ಮಲ್ಲೇಶ. ಕೆಲವು ಹೆಸರಿಗೆ ಎಡಗಾಲು ಬಲಗಾಲು ಅಂತಲೂ ಹೇಳುತ್ತಿದ್ದಳು. ಹದಿನೇಳನೆಯದು ಬರೆದಾಗ ಪೆನ್ನು ನಿಂತಿತು.

"ಯಾವ ಸುಗುಣ?" ಅಂದೆ.

"ನಿನ್ನ ತಂಗಿ ಕಣ್ ಮಗ. ಬಲಗಾಲು. ನಿಮ್ಮಿಬ್ರಿಗೂ ಹೇಳ್ಬ್ಯಾಡ ಅಂದಿದ್ಲು."

ಚೀಟಿಯನ್ನು ಇಂದ್ರಾಣಿಯ ಕೈಗೆ ಕೊಟ್ಟೆ. ಮಿಕ್ಕ ಹೆಸರು ಅವಳು ಬರೆದುಕೊಂಡಳು. ನಾನು ಡಾಕ್ಟರಮ್ಮನ ಹತ್ತಿರ ಒತ್ತುಪಟ್ಟಿಗಳನ್ನೂ ಹತ್ತಿಯನ್ನೂ ಕೇಳಿ ತೆಗೆದುಕೊಂಡೆ. ಕಟ್ಟು ಹೇಗೆ ಬಿಚ್ಚಬೇಕು, ರಕ್ತ ಬಂದರೆ ಏನು ಮಾಡಬೇಕು ಅಂತ ಇನ್ನೊಮ್ಮೆ ಹೇಳಿಸಿಕೊಂಡೆ. ಹನ್ನೆರಡರ ಬಸ್ಸು ಹಿಡಿದೆ. ಊರು ಬಿಟ್ಟವರು ತಿರುಗಿ ಬಂದದ್ದನ್ನು ನಾನು ಕೇಳಿಯೂ ಇರಲಿಲ್ಲ. ನನ್ನನ್ನು ಏನು ಮಾಡುತ್ತಾರೋ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸುಗುಣ ಈಗ ಕರಿಹಲಗೆಯ ಮುಂದೆ ನಿಂತಿದ್ದಾಳೋ, ಒರಗು ಹಲಗೆಗೆ ಕಟ್ಟಿಸಿಕೊಂಡು ನಿಂತಿದ್ದಾಳೋ ಅನ್ನುವುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಊರು ತಲುಪಿದಾಗ ಮೂರೂವರೆ. ಬೀದಿಯಲ್ಲಿ ಕಂಡವರೆಲ್ಲ ನನ್ನನ್ನು ನೋಡಿ ಮುಖ ತಿರುಗಿಸಿದರು. ಯಾರೂ ತಡೆಯಲಿಲ್ಲ. ಸುಗುಣ ಆಗತಾನೇ ಮನೆಗೆ ಬಂದು ಬೀಗ ತೆಗೆಯುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ಕೈ ಬೀಗದ ಮೇಲೇ ನಿಂತಿತು.

"ಅಜ್ಜಿ ಹೇಳಿದ್ಲಾ?" ಅಂದಳು.

"ಕಾಲು ತೋರಿಸು ಸುಗುಣ. ಕಟ್ಟು ಬಿಚ್ಚಬೇಕು. ಕೂತ್ಕೋಬೇಕಾಗುತ್ತೆ."

"ಸೈರನ್ ಆಗ್ಲಿ ಅಣ್ಣ. ಇನ್ನೆಷ್ಟು ಹೊತ್ತು?"

"ಎರಡೂವರೆ ಗಂಟೆ. ಅಷ್ಟು ಹೊತ್ತು ನಿನ್ನನ್ನ ನಿಲ್ಲಿಸಿಕೊಂಡು ನಾನಿರಲಾರೆ ಕಣೇ. ಇಂದ್ರಾಣೀನ ನೋಡಿದೀನಿ."

ಅವಳು ಬಗ್ಗಿ ತನ್ನ ಹರಡನ್ನು ನೋಡಿಕೊಂಡಳು. ಬಿಳಿ ಕಟ್ಟಿನ ಮೇಲೆ ಹೆಬ್ಬೆಟ್ಟಿನಷ್ಟು ಕೆಂಪು ಕಲೆ ಒಸರಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅಂದೆ. ಸುಗುಣ ಒಳಗೆ ಹೋದಳು, ಗೂಟದಿಂದ ಸ್ಟೂಲು ಇಳಿಸಿಕೊಂಡು ಜಗುಲಿಗೇ ತಂದಳು. ಬೀದಿಗೆ ಮುಖ ಮಾಡಿ ಕೂತು ಕಾಲು ಚಾಚಿದಳು. ಅವಳ ಶಾಲೆಯ ನಾಲ್ಕಾರು ಮಕ್ಕಳು ಚೀಲ ನೇತುಹಾಕಿಕೊಂಡು ಹೋಗುತ್ತಿದ್ದರು. ಅವರೂ ನಿಂತರು.

"ಬಿಚ್ಚು ಅಣ್ಣ," ಅಂದಳು.

ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಅವಳ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಎರಡು ಸುತ್ತು ಬಂತು. ಮೂರನೆಯ ಸುತ್ತು ಗಾಯಕ್ಕೆ ಅಂಟಿಕೊಂಡಿತ್ತು. ಎಳೆಯಲು ಧೈರ್ಯವಾಗಲಿಲ್ಲ. "ಕಾಯಿಸಿ ಆರಿಸಿದ ನೀರು ಬೇಕಿತ್ತು," ಅಂತ ಬೀದಿಯ ಕಡೆ ನೋಡಿದೆ. ಆಮೇಲೆ ಎದುರುಮನೆಯ ಹೆಂಗಸು ಒಳಗೆ ಹೋಗಿ ತಟ್ಟೆ ಮುಚ್ಚಿದ ಚೊಂಬು ಹಿಡಿದು ಬಂದಳು. ನಾನು ಹತ್ತಿ ನೆನೆಸಿ ಬಟ್ಟೆಯ ಮೇಲೆ ಹನಿಹನಿಯಾಗಿ ಹಿಂಡಿದೆ. ಬಟ್ಟೆ ಮೆಲ್ಲಗೆ ಬಿಟ್ಟುಕೊಂಡಿತು. ಕೆಳಗೆ ಹಸಿಗಾಯ ಇತ್ತು, ಕಪ್ಪು ಹಕ್ಕಳೆ ಇನ್ನೂ ಕಟ್ಟಿರಲಿಲ್ಲ. ರಕ್ತ ಚಿಮ್ಮಲಿಲ್ಲ. ಕಾಲ್ಬೆರಳಿನಿಂದ ಮೇಲಕ್ಕೆ ಪಟ್ಟಿ ಸುತ್ತಿ ಮುಗಿಸುವವರೆಗೂ ಸುಗುಣ ನನ್ನ ಭುಜವನ್ನು ಉಗುರು ನೆಡುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಚೊಂಬು ತಂದವಳು ಹೋಗಿರಲಿಲ್ಲ. ಒಮ್ಮೆ ಬೀದಿಯ ಆ ತುದಿ, ಒಮ್ಮೆ ಈ ತುದಿ ನೋಡಿದಳು. ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದು, ಬೇರೆ ಯಾರಿಗೂ ಕೇಳಿಸದ ಹಾಗೆ, "ನಂದೂ ಒಂದ್ಸಲ ನೋಡ್ತೀರಾ?" ಅಂದಳು. ಸುಗುಣ ಎದ್ದು ಅವಳಿಗೆ ಸ್ಟೂಲು ಬಿಟ್ಟುಕೊಟ್ಟಳು.